ದಿಲ್ಲಿಯ ಹೊಗೆ ಲೆಕ್ಕ ಪಾವಗಡದ ಹೊಲಕ್ಕೆ ಬಂದದ್ದು ಹೇಗೆ?

ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರದ ಕಡೆ ಹೋದರೆ, ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಸಾಲುಸಾಲು ಸೋಲಾರ್ ಪ್ಯಾನೆಲ್‌ಗಳು. ಸುಮಾರು 13 ಸಾವಿರ ಎಕರೆ. ಇದು ಬರೀ ಕರೆಂಟಿನ ಕಥೆಯಲ್ಲ. ಇದರ ಹಿಂದೆ ದಿಲ್ಲಿಯಲ್ಲಿ ಹಾಕಿದ ಒಂದು ಲೆಕ್ಕ ಇದೆ. ಆ ಲೆಕ್ಕದಲ್ಲಿ ಯಾರು ಸೇರಿದರು, ಯಾರು ಬಿಟ್ಟುಹೋದರು ಎನ್ನುವುದನ್ನು ಹಳ್ಳಿಯವರಾದ ನಾವು ತಿಳಿದಿರಬೇಕು.

ಕಲ್ಲಿದ್ದಲು, ಡೀಸೆಲ್ ಉರಿದಾಗ ಬರುವ ಇಂಗಾಲದ ಡೈಆಕ್ಸೈಡ್, ಭತ್ತದ ಗದ್ದೆ ಮತ್ತು ದನಕರುಗಳಿಂದ ಬರುವ ಮೀಥೇನ್ ಭೂಮಿಯ ಬಿಸಿಯನ್ನು ಹೊರಗೆ ಹೋಗಲು ಬಿಡುವುದಿಲ್ಲ. ಇಂಥವನ್ನೇ ಹಸಿರುಮನೆ ಅನಿಲ ಎನ್ನುವುದು. ಇವನ್ನು ಹತೋಟಿಗೆ ತರಲು 1992ರಲ್ಲಿ ಬ್ರೆಜಿಲ್‌ನ ರಿಯೊ ನಗರದಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು. 1997ರಲ್ಲಿ ಜಪಾನಿನ ಕ್ಯೋಟೊದಲ್ಲಿ ಶ್ರೀಮಂತ ದೇಶಗಳಿಗೆ ಇಳಿಕೆಯ ಗುರಿ ನಿಗದಿಯಾಯಿತು. ಭಾರತಕ್ಕೆ ಗುರಿ ಇರಲಿಲ್ಲ. ನೂರಾರು ವರ್ಷ ಹೊಗೆ ಬಿಟ್ಟು ಮುಂದೆ ಬಂದವರು ಮೊದಲು ಇಳಿಸಲಿ ಎಂದು ನಮ್ಮ ದೇಶ ವಾದಿಸಿತು. ಅದರಲ್ಲಿ ನ್ಯಾಯವಿತ್ತು.

ಆದರೂ ಕೈಕಟ್ಟಿ ಕೂರುವ ಹಾಗಿರಲಿಲ್ಲ. 2008ರ ಜೂನ್ 30ರಂದು ಪ್ರಧಾನಿ ಮನಮೋಹನ್ ಸಿಂಗ್ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾ ಯೋಜನೆ ಬಿಡುಗಡೆ ಮಾಡಿದರು. ಅದರಲ್ಲಿ ಸೌರಶಕ್ತಿ, ಇಂಧನ ಉಳಿತಾಯ, ನೀರು, ಕೃಷಿ, ಹಸಿರು ಭಾರತ ಸೇರಿ ಎಂಟು ಮಿಷನ್‌ಗಳಿದ್ದವು.

ಮರುವರ್ಷ ಡೆನ್ಮಾರ್ಕಿನ ಕೋಪನ್‌ಹೇಗನ್ ಸಮಾವೇಶದ ಹೊತ್ತಿಗೆ ಭಾರತ ಮೊದಲ ಸಲ ಅಂಕಿ ಹೇಳಿತು: ದೇಶದ ಪ್ರತಿ ರೂಪಾಯಿ ಉತ್ಪನ್ನಕ್ಕೆ ಬಿಡುವ ಹೊಗೆಯನ್ನು 2020ರೊಳಗೆ, 2005ಕ್ಕೆ ಹೋಲಿಸಿದರೆ, ಶೇ 20ರಿಂದ 25ರಷ್ಟು ಇಳಿಸುತ್ತೇವೆ. ಒಟ್ಟು ಹೊಗೆ ಇಳಿಸುತ್ತೇವೆ ಎಂದು ಹೇಳಲಿಲ್ಲ. ಬೈಕಿನ ಮೈಲೇಜ್ ಹೆಚ್ಚಾದರೂ ಓಡಾಟ ಜಾಸ್ತಿಯಾದರೆ ಪೆಟ್ರೋಲ್ ಖರ್ಚು ಏರುತ್ತದಲ್ಲ, ಹಾಗೆ. ಭಾರತ ಮಾತು ಕೊಟ್ಟದ್ದು ಮೈಲೇಜಿಗೆ. 2020ರ ಹೊತ್ತಿಗೆ ಇದು ಶೇ 36ರಷ್ಟು ಇಳಿದಿದೆ ಎಂದು ಸರ್ಕಾರ ವಿಶ್ವಸಂಸ್ಥೆಗೆ ಲೆಕ್ಕ ಕೊಟ್ಟಿದೆ. ಆದರೆ ಒಟ್ಟು ಹೊಗೆ ಏರುತ್ತಲೇ ಬಂದಿದೆ.

ಇನ್ನೊಂದು ಮಾತು. ‘ನಾಳೆ ನಮ್ಮ ಹಸು, ಗದ್ದೆಗೂ ಗುರಿ ಹಾಕುತ್ತಾರಂತೆ’ ಎಂದು ಹೆದರುವವರಿದ್ದಾರೆ. 2009ರ ಆ ಮಾತಿನಲ್ಲಿ ಕೃಷಿಯನ್ನು ಬೇಕೆಂದೇ ಹೊರಗಿಟ್ಟಿದ್ದರು. 2015ರಲ್ಲಿ ಪ್ಯಾರಿಸ್ ಒಪ್ಪಂದಕ್ಕಾಗಿ ಕೊಟ್ಟ ಪತ್ರದಲ್ಲೂ ಕೃಷಿಗೆ ಪ್ರತ್ಯೇಕ ಗುರಿ ಒಪ್ಪಿಕೊಳ್ಳಲಿಲ್ಲ. ರೈತರ ಬದುಕಿನ ಪ್ರಶ್ನೆ ಅದು.

ಹಾಗಾಗಿ ಹೆಚ್ಚಿನ ಭಾರ ಕರೆಂಟಿನ ಮೇಲೆ ಬಿತ್ತು. 2010ರಲ್ಲಿ ಶುರುವಾದ ಸೌರ ಮಿಷನ್ನಿನ ಗುರಿ 2022ಕ್ಕೆ 20 ಸಾವಿರ ಮೆಗಾವಾಟ್. 2015ರಲ್ಲಿ ಅದನ್ನು ಒಂದು ಲಕ್ಷಕ್ಕೆ ಏರಿಸಿದರು. ಆ ಗಡುವಿಗೆ ಮುಟ್ಟಲಾಗಲಿಲ್ಲ, 2025ರ ಆರಂಭದಲ್ಲಿ ಮುಟ್ಟಿದ್ದಾಯಿತು.

ಇಷ್ಟು ಸೋಲಾರ್‌ಗೆ ಜಾಗ ಬೇಕಲ್ಲ? ಬಿಸಿಲು ಧಾರಾಳ, ಮಳೆ ಕಡಿಮೆ ಇದ್ದ ಪಾವಗಡ ಕಣ್ಣಿಗೆ ಬಿತ್ತು. ಇಲ್ಲಿ ರೈತರ ಜಮೀನು ಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ. 2018ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಇದನ್ನು ‘ಶಕ್ತಿಸ್ಥಳ’ ಎಂಬ ಹೆಸರಿನಲ್ಲಿ ಉದ್ಘಾಟಿಸಿದರು. ಮುಂದೆ ಅದರ ಸಾಮರ್ಥ್ಯ 2,050 ಮೆಗಾವಾಟ್‌ಗೆ ಬೆಳೆಯಿತು. ಪಹಣಿ ರೈತನ ಹೆಸರಲ್ಲೇ ಉಳಿಯಿತು, ಬರ ಬಂದರೂ ದುಡ್ಡು ಬರುತ್ತದೆ. ಇದು ಸಣ್ಣ ಮಾತಲ್ಲ.

ಆದರೆ ಪಹಣಿಯೇ ಇಲ್ಲದವರು? ಅದೇ ಹೊಲದಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೆ ಗುತ್ತಿಗೆ ಹಣವಿಲ್ಲ, ಆ ಕೂಲಿಯೂ ಹೋಯಿತು. ಬೇಲಿ ಬಿದ್ದ ಮೇಲೆ ಕುರಿ ಮೇಯಿಸುವ ಜಾಗವೂ ಹೋಯಿತು. ದಿಲ್ಲಿಯ ಲೆಕ್ಕದಲ್ಲಿ ಮೆಗಾವಾಟ್‌ಗೆ ಒಂದು ಕಾಲಂ ಇದೆ, ಟನ್ನಿಗೆ ಒಂದು ಕಾಲಂ ಇದೆ. ಹೋದ ಕೂಲಿ ದಿನಗಳಿಗೆ ಕಾಲಂ ಇಲ್ಲ.

ಗುರಿಗಳು ಇನ್ನೂ ದೊಡ್ಡವಾಗುತ್ತಿವೆ. 2021ರಲ್ಲಿ ಗ್ಲಾಸ್ಗೊದಲ್ಲಿ ಪ್ರಧಾನಿ ನರೇಂದ್ರ ಮೋದಿ, 2070ರ ಹೊತ್ತಿಗೆ ಬಿಡುವ ಹೊಗೆ ಮತ್ತು ಹೀರುವ ಹೊಗೆ ಸಮವಾಗಬೇಕು ಎಂದು ಘೋಷಿಸಿದರು. 2025ರ ಜೂನ್ ವೇಳೆಗೆ ದೇಶದ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲ, ಡೀಸೆಲ್ ಬಿಟ್ಟು ಬೇರೆ ಮೂಲಗಳದ್ದಾಯಿತು. ಆದರೂ ಉತ್ಪಾದನೆಯಾಗುವ ಕರೆಂಟಿನಲ್ಲಿ ಹೆಚ್ಚು ಪಾಲು ಇನ್ನೂ ಕಲ್ಲಿದ್ದಲಿನದೇ. ಅಂದರೆ ಇನ್ನಷ್ಟು ಸೋಲಾರ್ ಬರಲಿದೆ, ಇನ್ನಷ್ಟು ಹೊಲ ಬೇಕಾಗಲಿದೆ.

ಸೋಲಾರ್ ಬೇಡ ಎನ್ನುವವರು ನಾವಲ್ಲ. ಹವಾಮಾನ ಕೆಟ್ಟರೆ ಮೊದಲು ಪೆಟ್ಟು ತಿನ್ನುವುದೇ ಮಳೆ ನಂಬಿದ ಊರುಗಳು. ಆದರೆ ನಾಳೆ ನಮ್ಮೂರಿಗೂ ಸೋಲಾರ್‌ಗೆ ಜಾಗ ಕೇಳಿಕೊಂಡು ಬಂದರೆ, ಎಕರೆಗೆ ಎಷ್ಟು ಎಂದು ಕೇಳಿ ಸುಮ್ಮನಾಗುವುದು ಬೇಡ. ಜಮೀನಿಲ್ಲದ ಮನೆಗೆ ಏನು, ಎಷ್ಟು ವರ್ಷ ಎಂದು ಗ್ರಾಮಸಭೆಯಲ್ಲಿ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸೋಣ.