ಎಲೆ ಎಣಿಸುವ ವಿದ್ಯೆ

ಪಂಚಮಿ ಬಂತೆಂದರೆ ನಮ್ಮ ಯರಗುಪ್ಪಿಯಲ್ಲಿ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಇಸ್ಪೀಟು. ಹುಬ್ಬಳ್ಳಿಯಲ್ಲಿ ಪೋಕರ್ ಕಲಿತು ಬಂದಿದ್ದ ನನ್ನ ಸೋದರಮಾವ ಒಂದು ವರ್ಷ ನಾಲ್ಕು ಆಟೀನ್ ಹಿಡಿದು ಕುಳಿತಿದ್ದ. ಬೇಡಾದ ಐದನೆಯ ಎಲೆಯನ್ನು ಬಿಟ್ಟು ಹೊಸದೊಂದನ್ನು ಎತ್ತಬೇಕು. ಅದೂ ಆಟೀನ್ ಆದರೆ ಆಟ ಅವನದು. ನಡುವೆ ಮೂವತ್ತು ರೂಪಾಯಿ ಬಿದ್ದಿತ್ತು. "ಇನ್ನೊಂದ ಎಲಿ ಬರಲಿ, ತಡೀರಿ" ಎಂದವನೇ ಹತ್ತಿಬೀಜಕ್ಕೆಂದು ತೆಗೆದಿಟ್ಟ ಹತ್ತು ರೂಪಾಯಿಯನ್ನು ಮುಂದಿಟ್ಟ. ಬಂದದ್ದು ಕಳಾವರ. ಆ ವರ್ಷದ ಬಿತ್ತಿಗೆಗೆ ಅತ್ತೆಯ ಬುಗುಡಿ ಮಾರಬೇಕಾಯಿತು.

ತಪ್ಪು ದೈವದ್ದೋ, ಮಾವನದೋ? ಪ್ರಶ್ನೆ ಹಳೆಯದು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳನಿಗೆ ಋತುಪರ್ಣನು ತಾರೆಮರದ ಎಲೆ, ಕಾಯಿಗಳನ್ನು ಕಣ್ಣಳತೆಯಲ್ಲಿಯೇ ಎಣಿಸಿ ತೋರಿಸಿದ ಕಥೆ ಮಹಾಭಾರತದಲ್ಲಿದೆ. ಆ ಅಕ್ಷವಿದ್ಯೆಯನ್ನು ಕಲಿತ ಮೇಲೆಯೇ ನಳನು ಮತ್ತೆ ಆಡಲು ಕುಳಿತದ್ದು.

ಎಣಿಕೆಯ ಸೂತ್ರವೂ ನಮ್ಮ ನಾಡಿನಲ್ಲಿಯೇ ಇತ್ತು. ೯ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ 'ಗಣಿತಸಾರಸಂಗ್ರಹ'ದಲ್ಲಿ ನಿಯಮ ಕೊಟ್ಟರು. ಆ ನಿಯಮದಂತೆ ೫೨ ಎಲೆಗಳಿಂದ ಐದೈದರ ಕೈಗಳು ೨೫,೯೮,೯೬೦ ಆಗುತ್ತವೆ. ೧೬೫೪ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫೆರ್ಮಾ, ಅರ್ಧಕ್ಕೆ ನಿಂತ ಆಟದ ಪಣವನ್ನು ಹೇಗೆ ಹಂಚಬೇಕೆಂದು ಪತ್ರಗಳಲ್ಲಿ ಚರ್ಚಿಸಿ, ಇನ್ನೂ ಬಾರದ ಫಲಕ್ಕೆ ಇಂದೇ ಬೆಲೆ ಕಟ್ಟುವ ದಾರಿ ತೋರಿದರು.

ಈಗ ಮಾವನ ಲೆಕ್ಕ ನೋಡೋಣ. ಅವನು ಕಂಡ ಎಲೆ ಐದು, ಕಾಣದವು ೪೭. ಅವುಗಳಲ್ಲಿ ಆಟೀನ್ ೯, ಉಳಿದವು ೩೮. ಆಟೀನ್ ಬಂದರೆ ಗೆಲವು ಖಂಡಿತವೆಂದೇ ಹಿಡಿದರೂ, ೪೭ ಸಲಕ್ಕೆ ಸರಾಸರಿ ೯ ಸಲ ಮೂವತ್ತರಂತೆ ೨೭೦ ರೂಪಾಯಿ ಲಾಭ. ೩೮ ಸಲ ಹತ್ತರಂತೆ ೩೮೦ ನಷ್ಟ. ನಡುವೆ ಐವತ್ತು ಬಿದ್ದಿದ್ದರೆ ಲಾಭ ೪೫೦. ಆಗ ಹತ್ತು ಇಟ್ಟದ್ದು ಸರಿಯಾಗುತ್ತಿತ್ತು. ಕಳಾವರ ಬಂದದ್ದು ದೈವ. ಮೂವತ್ತಕ್ಕೆ ಹತ್ತು ಇಟ್ಟದ್ದು ಮಾವನ ತಪ್ಪು.

ಮಹಾವೀರಾಚಾರ್ಯರ ಇನ್ನೊಂದು ಲೆಕ್ಕ ನನಗೆ ಹೆಚ್ಚು ಪ್ರಿಯ. ಕೋಳಿಜಗಳದಲ್ಲಿ ಮಂತ್ರವಾದಿಯೊಬ್ಬ ಇಬ್ಬರು ಒಡೆಯರನ್ನೂ ಗುಟ್ಟಾಗಿ ಕಾಣುತ್ತಾನೆ. ಗೆದ್ದರೆ ನಿನ್ನ ಪಣ ನನಗೆ. ಸೋತರೆ ಅದರ ಮೂರರಲ್ಲಿ ಎರಡು ಪಾಲು ನಾನೇ ಕೊಡುವೆ ಎಂದು ಒಬ್ಬನಿಗೆ. ನಾಲ್ಕರಲ್ಲಿ ಮೂರು ಪಾಲು ಎಂದು ಇನ್ನೊಬ್ಬನಿಗೆ. ಪಣಗಳು ೪೨ ಮತ್ತು ೪೦. ಯಾವ ಕೋಳಿ ಗೆದ್ದರೂ ಅವನಿಗೆ ೧೨ ಹೊನ್ನು.

ನಮ್ಮೂರಲ್ಲಿಯೂ ಅಂಥವನೊಬ್ಬನಿದ್ದ. ಆಟಕ್ಕೆ ಜಾಗ ಕೊಟ್ಟು, ಯಾರೇ ಗೆಲ್ಲಲಿ, ನಾಲ್ಕಾಣೆ ಎತ್ತಿಕೊಳ್ಳುತ್ತಿದ್ದ. ಅವನು ಎಂದೂ ಎಲೆ ಮುಟ್ಟಿದ್ದನ್ನು ನಾನು ಕಾಣೆ. ಮಾವನಾದರೋ ಮರುವರ್ಷವೂ ಎಣಿಸದೆಯೇ ಕುಳಿತ.