ನಿಧಾನದ ವಿಮಾನ

“ಯಂತ್ರ ನಿಧಾನ ಅಮ್ಮಾ, ವಿಮಾನ ತಿರುಗುವುದೇ ಇಲ್ಲ” ಎಂದು ಮೂಡುಬಿದಿರೆಯಲ್ಲಿ ಓದುವ ಮಗ ಬಂಟ್ವಾಳದ ಮನೆಗೆ ಬಂದಾಗೆಲ್ಲ ಒಂದೇ ರಾಗ. ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸಲು ಹೊಸ ಗ್ರಾಫಿಕ್ಸ್ ಕಾರ್ಡು, ಹೆಚ್ಚು ರ‍್ಯಾಮ್, ಜಾಯ್‌ಸ್ಟಿಕ್ಕು ಬೇಕಂತೆ. (ಈ ಆಟದ ಮೂಲಪುರುಷ, 1929ರ ಲಿಂಕ್ ಟ್ರೇನರ್, ಓಲಾಡುತ್ತಿದ್ದುದು ಆರ್ಗನ್ ವಾದ್ಯದ ತಿದಿಗಳಿಂದ. ನಮ್ಮ ಹಾರ್ಮೋನಿಯಮ್ಮಿನ ದಾಯಾದಿ!)

ನಿಧಾನ ಎಂದೊಡನೆ ನನಗೆ ನೆನಪಾಗುವವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಬೆಳ್ತಂಗಡಿಯ ಶಾಲೆಯಲ್ಲಿ 1965ರ ಯುದ್ಧದ ಪಾಠಕ್ಕೆ ಅವರ ಕಥೆಯನ್ನೂ ಸೇರಿಸುತ್ತೇನೆ. ಸೆಪ್ಟೆಂಬರ್ 7ರ ಸರಗೋಧಾ ದಾಳಿಗೆ ಅವರು ಮೀಸಲಿಗೆಂದು ಇದ್ದವರು. ಕೊನೆಗಳಿಗೆಯಲ್ಲಿ ತಂಡ ಸೇರಿದರು. ಪಾಕಿಸ್ತಾನದ ಸ್ಟಾರ್‌ಫೈಟರ್‌ಗೆ ಶಬ್ದದ ಎರಡು ಪಟ್ಟು ವೇಗ. ಇವರ ಮಿಸ್ಟೇರ್ ಅದರ ಮುಂದೆ ಎತ್ತಿನಗಾಡಿ. ಗುಂಡೇಟು ತಿಂದ ಮೇಲೂ ತಿರುಗಿಬಿದ್ದು ಸ್ಟಾರ್‌ಫೈಟರನ್ನು ಉರುಳಿಸಿದರು. ಆ ಪೈಲಟ್ ಪ್ಯಾರಾಚೂಟಿನಲ್ಲಿ ಪಾರಾದ, ದೇವಯ್ಯ ಮರಳಲಿಲ್ಲ.

ಕಂಡು ಹೇಳುವವರು ನಮ್ಮ ಕಡೆ ಇರಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್‌ನ 1979ರ ಪುಸ್ತಕದಿಂದ ಸಂಗತಿ ಹೊರಬಿತ್ತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅದನ್ನು ಸ್ವೀಕರಿಸಿದ ಪತ್ನಿ, ಗಂಡ ಹೇಗೆ ಹೋದರೆಂದು ಸರಿಯಾಗಿ ತಿಳಿಯದೆಯೇ ಎಷ್ಟೋ ವರ್ಷ ಸಂಸಾರ ನಡೆಸಿದ್ದರು.