ಕಳವಾದ ಸ್ವತ್ತಿನ ಹೊಣೆ: ಊರಿನಿಂದ ಠಾಣೆಯವರೆಗೆ

ಮನೆಗೆ ಕನ್ನ ಬಿದ್ದಾಗ ಕಳ್ಳನಿಗೆ ಯಾವ ಶಿಕ್ಷೆ ಎಂಬ ಪ್ರಶ್ನೆಯ ಜೊತೆಗೆ, ಹೋದ ಒಡವೆಯನ್ನು ಒಡೆಯನಿಗೆ ಯಾರು ತುಂಬಿಕೊಡಬೇಕು ಎಂಬ ಪ್ರಶ್ನೆಯನ್ನೂ ಭಾರತದ ಹಳೆಯ ಧರ್ಮಗ್ರಂಥಗಳು ಅಷ್ಟೇ ಗಂಭೀರವಾಗಿ ಎತ್ತಿಕೊಂಡಿವೆ. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು, ಕಳ್ಳರು ಒಯ್ದ ವಸ್ತು ಸಿಗದೆ ಹೋದರೆ ಅರಸನು ಸ್ವಂತ ದ್ರವ್ಯದಿಂದಲೇ ಅದನ್ನು ಕೊಡಬೇಕೆಂದು ವಿಧಿಸುತ್ತದೆ. ಕಳುವಿನ ಸುದ್ದಿಯನ್ನು ಆಯಾ ಸರಕಿನ ವ್ಯಾಪಾರಿಗಳಿಗೆ ಮುಟ್ಟಿಸಬೇಕು, ಹಳೆಯ ಸಾಮಾನನ್ನು ಅಧಿಕಾರಿಗೆ ತಿಳಿಸದೆ ಅಡವಿಡಬಾರದು, ಮಾರಬಾರದು, ಮಾಲಿನೊಂದಿಗೆ ಸಿಕ್ಕಿಬಿದ್ದವನು ಅದು ತನ್ನ ಕೈಗೆ ಬಂದ ಬಗೆಯನ್ನು ಸಾಬೀತುಪಡಿಸಬೇಕು ಎಂಬ ನಿಯಮಗಳೂ ಅಲ್ಲಿವೆ. ಇಂದಿನ ಪೊಲೀಸರು ಗಿರವಿ ಅಂಗಡಿಗಳನ್ನು ಮೊದಲು ವಿಚಾರಿಸುವುದರ ಹಿಂದಿನ ತರ್ಕವೂ ಇದೇ.

ಈ ಹೊಣೆಯ ಅತ್ಯಂತ ವಿವರವಾದ ಲೆಕ್ಕಾಚಾರ ದೊರೆಯುವುದು ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಮತ್ತು ಅದಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ. ಕಳ್ಳನ ಹೆಜ್ಜೆಯ ಜಾಡು ಊರಿನ ಎಲ್ಲೆ ದಾಟದಿದ್ದರೆ ಆ ಊರೇ ನಷ್ಟವನ್ನು ಕಟ್ಟಿಕೊಡಬೇಕು. ಜಾಡು ಬೇರೊಂದು ಊರನ್ನು ಹೊಕ್ಕರೆ ಹೊಣೆಯೂ ಅಲ್ಲಿಗೆ ವರ್ಗವಾಗುತ್ತದೆ. ಊರಿನಿಂದ ಒಂದು ಕ್ರೋಶಕ್ಕೂ, ಅಂದರೆ ಕೂಗಳತೆಯನ್ನು ಆಧರಿಸಿದ ಹಳೆಯ ದೂರಮಾನಕ್ಕೂ, ಆಚೆ ಕಳವಾಗಿದ್ದರೆ ಸುತ್ತಲಿನ ಐದು ಅಥವಾ ಹತ್ತು ಊರುಗಳು ಕೂಡಿ ಭರಿಸಬೇಕು. ನೆರೆಯವರ ಜೇಬಿಗೆ ಕೈ ಹಾಕುವ ಈ ನಿಯಮ ನಿರಪರಾಧಿಗಳಿಗೆ ಅನ್ಯಾಯ ಮಾಡಿತೆಂಬುದು ನಿಜವಾದರೂ, ಜಾಡನ್ನು ತಮ್ಮ ಗಡಿಯಾಚೆಗೆ ತೋರಿಸಿಕೊಡುವುದರಲ್ಲಿ ಪ್ರತಿಯೊಂದು ಊರಿಗೂ ಸ್ವಾರ್ಥವನ್ನು ಹುಟ್ಟಿಸಿ, ಪೊಲೀಸ್ ಇಲಾಖೆಯಿಲ್ಲದ ಕಾಲದಲ್ಲಿ ಪತ್ತೆಕಾರ್ಯವನ್ನು ನಡೆಸುವ ಉಪಾಯವಾಗಿ ಅದು ಜಾಣತನದ್ದೇ ಆಗಿತ್ತು.

ಕನ್ನಡ ನಾಡಿನ ಹಳ್ಳಿಗಳಲ್ಲಿ ಕಾವಲು ಮತ್ತು ಪತ್ತೆಯ ಈ ಕೆಲಸ ಆಯಗಾರರ, ಎಂದರೆ ಊರಿನ ಸೇವೆಗಾಗಿ ಮಾನ್ಯದ ಭೂಮಿಯನ್ನೋ ಸುಗ್ಗಿಯ ಪಾಲನ್ನೋ ಪಡೆಯುತ್ತಿದ್ದವರ, ಸಾಲಿಗೆ ಸೇರಿದ ತಳವಾರ ಮತ್ತು ತೋಟಿಯರ ಪಾಲಿಗೆ ಬಂದಿತ್ತು. ಬಳ್ಳಾರಿ ಸೀಮೆಯನ್ನು ಒಳಗೊಂಡಿದ್ದ ಮದರಾಸು ಪ್ರಾಂತದಲ್ಲಿ 1816ರ 11ನೆಯ ರೆಗ್ಯುಲೇಷನ್ ದರೋಗರನ್ನು, ಎಂದರೆ ಠಾಣೆಯ ಪೊಲೀಸ್ ಅಧಿಕಾರಿಗಳನ್ನು, ತೆಗೆದುಹಾಕಿ, ಗ್ರಾಮದ ಮುಖ್ಯಸ್ಥರ ಕೈಕೆಳಗಿನ ಈ ಹಳೆಯ ಕಾವಲನ್ನೇ ಉಳಿಸಿಕೊಂಡಿತು. 1861ರ ಪೊಲೀಸ್ ಕಾಯಿದೆ ಮತ್ತು ಅದೇ ವರ್ಷದ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಗಳು ಬಂದ ಮೇಲೆ ಚಿತ್ರ ಬದಲಾಯಿತು.

ಆ ಸಂಹಿತೆಯ ಮೂಲಕ ಬಂದ ಶೋಧನಾ ವಾರಂಟ್, ಅಂದರೆ ನಿರ್ದಿಷ್ಟ ಸ್ಥಳವನ್ನು ಶೋಧಿಸಲು ಮ್ಯಾಜಿಸ್ಟ್ರೇಟರು ಕೊಡುವ ಲಿಖಿತ ಆಜ್ಞೆ, ಇಂಗ್ಲೆಂಡಿನ ಬೇರಿನದು. ಕಳವಿನ ಮಾಲಿಗಾಗಿ ಮನೆ ಶೋಧಿಸುವ ಅಧಿಕಾರವು ಯಾವುದೇ ಶಾಸನದಿಂದಲ್ಲದೆ ಬಳಕೆಯಿಂದ ಮೆಲ್ಲನೆ ನುಸುಳಿ ಬಂದದ್ದೆಂದೂ, ಮಾಲಿನ ಒಡೆಯನು ಪ್ರಮಾಣ ಮಾಡಿ ಹೇಳಿದ ಮೇಲಷ್ಟೇ ಅದು ನ್ಯಾಯಯುತವೆಂದೂ ನ್ಯಾಯಾಧೀಶ ಲಾರ್ಡ್ ಕ್ಯಾಮ್‌ಡೆನ್ 1765ರ ಎಂಟಿಕ್ ಪ್ರಕರಣದಲ್ಲಿ ಹೇಳಿದ್ದರು. ಭಾರತದ 1898ರ ಸಂಹಿತೆಯು ಶೋಧಕ್ಕೆ ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥ ನಿವಾಸಿಗಳು ಸಾಕ್ಷಿಯಾಗಿರಬೇಕೆಂದು ಕಡ್ಡಾಯ ಮಾಡಿತು; ಇವರೇ ಪಂಚರು, ಅವರ ಸಮಕ್ಷಮ ಬರೆಯುವ ಪತ್ರವೇ ಹಳೆ ಮೈಸೂರಿನ ಮಹಜರು, ಉತ್ತರ ಕರ್ನಾಟಕದ ಪಂಚನಾಮೆ. ಒಂದು ಕಾಲದಲ್ಲಿ ನಷ್ಟವನ್ನೇ ಹೊರುತ್ತಿದ್ದ ಊರು ಹೀಗೆ ಎರಡು ರುಜುಗಳಿಗೆ ಇಳಿಯಿತು. ವಾರಂಟಿಗೆ ಕಾಯಲು ವ್ಯವಧಾನವಿಲ್ಲದಾಗ ಕಾರಣವನ್ನು ಬರೆದಿಟ್ಟು ತಾನೇ ಶೋಧಿಸುವ ಅಧಿಕಾರ ತನಿಖಾಧಿಕಾರಿಗೂ ಇತ್ತು. ಕಳವಾದ ಸ್ವಲ್ಪ ಕಾಲದಲ್ಲೇ ಮಾಲನ್ನು ಇಟ್ಟುಕೊಂಡಿದ್ದು ವಿವರಣೆ ಕೊಡಲಾರದವನನ್ನು ಕಳ್ಳನೆಂದೋ, ಕಳವಿನದೆಂದು ತಿಳಿದೇ ಪಡೆದವನೆಂದೋ ಊಹಿಸಬಹುದೆಂದು 1872ರ ಸಾಕ್ಷ್ಯ ಅಧಿನಿಯಮ ಹೇಳಿತು. ಆರೋಪಿಯ ಮಾತಿನಿಂದ ವಸ್ತು ಪತ್ತೆಯಾದರೆ ಆ ಮಾತಿನಲ್ಲಿ ಪತ್ತೆಗೆ ಸಂಬಂಧಿಸಿದಷ್ಟು ಭಾಗವನ್ನು ಸಾಕ್ಷ್ಯವಾಗಿ ಒಪ್ಪುವ ಅದರ 27ನೆಯ ಕಲಮು ಮಾಲು ವಸೂಲಿಯ ಬೆನ್ನೆಲುಬಾಯಿತು.

ಇಷ್ಟೆಲ್ಲ ಎಚ್ಚರದ ನಡುವೆ ಒಡೆಯನೇ ಹಿಂದೆ ಸರಿದನು. ವಶಪಡಿಸಿಕೊಂಡ ಒಡವೆ ಈಗ ಮುದ್ದೆಮಾಲು, ಅಂದರೆ ವಿಚಾರಣೆಯಲ್ಲಿ ಹಾಜರುಪಡಿಸಬೇಕಾದ ಪುರಾವೆ. ಕಳ್ಳನ ಕೈಯಿಂದ ಬಿಡಿಸಿದ ಬಂಗಾರ ಠಾಣೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಉಳಿಯುವುದು ಸಾಮಾನ್ಯವಾಯಿತು. ಹಿಂದಿನ ಮೈಸೂರು ರಾಜ್ಯದ ಮಹಿಳೆಯೊಬ್ಬರ ಕಳವಾದ ಆಭರಣಗಳು ಪತ್ತೆಯಾಗಿಯೂ ಪೊಲೀಸರ ವಶದಲ್ಲಿದ್ದಾಗಲೇ ಮತ್ತೆ ಕಾಣೆಯಾದವು. ಮಾಲನ್ನು ಕಾಯಲು ತಕ್ಕ ಎಚ್ಚರ ವಹಿಸಿದ್ದನ್ನು ತೋರಿಸಲಾಗದ ಸರ್ಕಾರ ಅದರ ಬೆಲೆಯನ್ನು ಕೊಡಬೇಕೆಂದು 1977ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ತಿಳಿದೋ ತಿಳಿಯದೆಯೋ, ತೀರ್ಪು ಕೌಟಿಲ್ಯನು ಹೇಳಿದ ರಾಜಧರ್ಮದ ಹತ್ತಿರಕ್ಕೆ ಬಂದಿತ್ತು. 2002ರ ಸುಂದರಭಾಯಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ವಿವರವಾದ ಪಂಚನಾಮೆ ಮತ್ತು ಛಾಯಾಚಿತ್ರಗಳನ್ನು ಇಟ್ಟುಕೊಂಡು, ಜಾಮೀನು ಮುಚ್ಚಳಿಕೆ ಬರೆಸಿಕೊಂಡು ಮಾಲನ್ನು ಒಡೆಯನಿಗೆ ಬೇಗ ಬಿಟ್ಟುಕೊಡಬೇಕೆಂದೂ, ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ಅದು ಠಾಣೆಯಲ್ಲಿ ಇರಬಾರದೆಂದೂ ಹೇಳಿತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಶೋಧ ಮತ್ತು ಜಪ್ತಿಯ ಧ್ವನಿ-ದೃಶ್ಯ ಚಿತ್ರೀಕರಣವನ್ನು ಕಡ್ಡಾಯಗೊಳಿಸಿ, ಹದಿನಾಲ್ಕು ದಿನಗಳಲ್ಲಿ ಸ್ವತ್ತಿನ ವಿವರಪಟ್ಟಿ, ಅದಾದ ಮೂವತ್ತು ದಿನಗಳಲ್ಲಿ ವಿಲೇವಾರಿ ಆದೇಶ ಎಂದು ಅವಧಿಯನ್ನೂ ಗೊತ್ತುಪಡಿಸಿದೆ. ಆದರೆ ಕಳ್ಳನೂ ಸಿಗದೆ ಮಾಲೂ ಸಿಗದೆ ಉಳಿದ ಕನ್ನಗಳವಿನಲ್ಲಿ ನಷ್ಟ ತುಂಬಿಕೊಡಬೇಕೆಂದು ಊರನ್ನಾಗಲಿ ಪೊಲೀಸರನ್ನಾಗಲಿ ಬಾಧ್ಯಗೊಳಿಸುವ ಕಲಮು ಅದರಲ್ಲಿ ಇಲ್ಲ.